ಕುಡುಗೋಲು ಕೊಟ್ಟು ಸೌದೆ ತಂದದ್ದು

ಕಾಡು ಕಾಯುವ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡದ್ದು ನನಗೆ ಕಾಡು ಗೊತ್ತು ಅಂತಲ್ಲ. ನಾನು ಹೆಂಗಸು ಅಂತ.

ಉತ್ತರಹಳ್ಳಿ ದಾಟಿ ತಲಘಟ್ಟಪುರದ ಕಡೆಗೆ ಹೋದರೆ ಬಂಡೆ, ಕುರುಚಲು, ಮುಳ್ಳು ತುಂಬಿದ ಒಂದು ಗುಡ್ಡ ಇತ್ತು. ಸರ್ಕಾರದ ಕಾಡು. ಸುತ್ತಲೂ ಕಲ್ಲು ನೆಟ್ಟು ಸುಣ್ಣ ಬಳಿದಿದ್ದರು. ಕಲ್ಲಿನ ಈಚೆಗೆ ನಮ್ಮೂರಿನ ರಾಗಿ ಹೊಲ, ಆಚೆಗೆ ಕಾಡು. ಈಗ ಅಲ್ಲಿಗೆ ಬೆಳಗ್ಗೆ ಎದ್ದು ಬೂಟು ಹಾಕಿಕೊಂಡು ಓಡುವವರು ಬರುತ್ತಾರಂತೆ. ಆಗ ಸೌದೆಗೆ ಬರುತ್ತಿದ್ದರು. ಜಯನಗರದಲ್ಲಿ ಇನ್ನೂ ಮನೆಗಳನ್ನು ಕಟ್ಟುತ್ತಿದ್ದ ಕಾಲ ಅದು. ಆ ಹೊಸ ಮನೆಗಳಿಗೂ ಬಸವನಗುಡಿಯ ಹಳೆಯ ಮನೆಗಳಿಗೂ ಬಚ್ಚಲ ಒಲೆಗೆ ಸೌದೆ ಬೇಕಿತ್ತು. ನಮ್ಮೂರಿನ ಹೆಂಗಸರಿಗೆ ಉಪ್ಪು, ಸೀಮೆಎಣ್ಣೆ ಬೇಕಿತ್ತು. ಹೊತ್ತು ಮೂಡುವ ಮುಂಚೆಯೇ ಕಾಡಿಗೆ ನುಗ್ಗುತ್ತಿದ್ದರು.

ಕಾಯುವ ಗಾರ್ಡು ಗಂಡಸು. ಅವನು ಹೆಂಗಸಿನ ಕೈಯಿಂದ ಕುಡುಗೋಲು ಕಿತ್ತುಕೊಳ್ಳುವುದಕ್ಕೆ ಹೋದರೆ ಅವಳು ಸೆರಗು ಜಾರಿಸಿಕೊಂಡು, "ಅಯ್ಯಯ್ಯೋ, ಕೈ ಹಿಡ್ದ ಬನ್ರಪ್ಪೋ" ಅಂತ ಕೂಗುತ್ತಿದ್ದಳು. ಊರು ಸೇರುತ್ತಿತ್ತು. ಒಬ್ಬ ಗಾರ್ಡನ್ನು ಹೊಂಗೆಮರಕ್ಕೆ ಕಟ್ಟಿಹಾಕಿದ್ದೂ ಉಂಟು. ಪಾಪ, ಅವನು ಯಾರ ಕೈಯನ್ನೂ ಹಿಡಿದಿರಲಿಲ್ಲ. ಹಿಡಿದವನು ಬೇರೆ, ಅವನು ಅಷ್ಟರಲ್ಲಿ ವರ್ಗವಾಗಿ ಹೋಗಿದ್ದ.

ನನ್ನ ಗಂಡ ಅದೇ ಕಾಡಿನಲ್ಲಿ ವಾಚರ್ ಆಗಿದ್ದವನು ಜ್ವರ ಬಂದು ಸತ್ತ. ಮಕ್ಕಳಿರಲಿಲ್ಲ. ಅವನ ಖಾಕಿ ಕೋಟು ಹಿಂದಕ್ಕೆ ಕೊಡಬೇಕು ಅಂತ ನಾನು ರೇಂಜರ್ ಸಾಹೇಬರ ಹತ್ತಿರ ಹೋದೆ. ಅಲ್ಲಿದ್ದ ಜವಾನ ಏನೋ ಅಂದ, ನಾನೂ ಅಂದೆ. ಸಾಹೇಬರು ಒಳಗಿಂದ ಕೇಳಿಸಿಕೊಂಡು ಹೊರಗೆ ಬಂದರು. "ಕೋಟು ನೀನೇ ಇಟ್ಕೊಳಮ್ಮ. ಆ ಹೆಂಗಸರು ಕೂಗಿದ್ರೆ ನೀನೂ ಕೂಗ್ತೀಯ" ಅಂದರು. ಕೆಲಸ ಸಿಕ್ಕಿದ್ದು ಹಾಗೆ. ದಿನಗೂಲಿ. ಕೋಟು ಮೊಣಕಾಲಿನವರೆಗೆ ಬರುತ್ತಿತ್ತು, ತೋಳು ಮಡಚಿ ಮಡಚಿ ಹಾಕಿಕೊಂಡೆ. ಊರಿನವರು ಗಾರ್ಡಮ್ಮ ಅಂತ ಕರೆಯುವುದಕ್ಕೆ ಶುರು ಮಾಡಿದರು. ಪ್ರೀತಿಯಿಂದ ಅಲ್ಲ.

ಕೆಲಸ ಅಂದರೆ ನಡೆಯುವುದು. ಬೆಳಗ್ಗೆ ಗಡಿ ಕಲ್ಲು ಹಿಡಿದು ಒಂದು ಸುತ್ತು, ಮಧ್ಯಾಹ್ನದ ಮೇಲೆ ಇನ್ನೊಂದು. ಬೇಸಗೆಗೆ ಮುಂಚೆ ಹುಲ್ಲು ಸವರಿ ಬೆಂಕಿ ದಾಟದಂತೆ ಬಯಲು ಗೆರೆ ಮಾಡಬೇಕು. ಆಡು ಬಂದರೆ ಅಟ್ಟಬೇಕು. ಬಂಡೆಯ ಸಂದಿಯಲ್ಲಿ ಚಿರತೆ ಇತ್ತು. ಅದರಿಂದ ನನಗೆ ತೊಂದರೆ ಇರಲಿಲ್ಲ, ನನ್ನಿಂದ ಅದಕ್ಕೂ ಇರಲಿಲ್ಲ. ತೊಂದರೆ ಎಲ್ಲ ಹೆಂಗಸರದ್ದು.

ನಾನು ಒಂದು ನಿಯಮ ಮಾಡಿಕೊಂಡಿದ್ದೆ. ಸರ್ಕಾರದ ನಿಯಮ ಉದ್ದ ಇತ್ತು, ಅದು ಅವರಿಗೂ ನೆನಪಿರುತ್ತಿರಲಿಲ್ಲ, ನನಗೂ ಇರುತ್ತಿರಲಿಲ್ಲ. ನನ್ನದು ಗಿಡ್ಡ. ಒಣಗಿ ಬಿದ್ದದ್ದು ತಗೋ, ಹಸಿರು ಮುಟ್ಟಬೇಡ. ಹಸಿರು ಮುಟ್ಟಿದವಳ ಕುಡುಗೋಲು ಕಿತ್ತುಕೊಂಡು ಗುಡ್ಡದ ಬುಡದಲ್ಲಿದ್ದ ನನ್ನ ಗುಡಿಸಿಲ ಮುಂದಿನ ಹುಣಸೆಮರದ ಕೊಂಬೆಗೆ ನೇತುಹಾಕುತ್ತಿದ್ದೆ. ಬುಡಕ್ಕೆ ಮುಳ್ಳು ಜಡಿದಿದ್ದೆ. ರಾಗಿ ಕೊಯ್ಲು ಹತ್ತಿರ ಬಂದಾಗ ಮರದ ಕೆಳಗೆ ನಿಂತು ಕೇಳುತ್ತಿದ್ದರು. ಬೈಸಿಕೊಂಡು, ಬೈದು, ತಗೊಂಡು ಹೋಗುತ್ತಿದ್ದರು. ಯಾವ ಕುಡುಗೋಲು ಯಾರದ್ದು ಅಂತ ಹಿಡಿ ನೋಡಿದರೆ ನನಗೆ ಗೊತ್ತಾಗುತ್ತಿತ್ತು.

"ನಿನ್ ಗಂಡ ಸತ್ತಿದ್ದಕ್ಕೆ ನಮ್ ಒಲೆ ಆರಿಸ್ತಾ ಇದೀಯೇನಮ್ಮಿ?" ಅಂತ ಒಬ್ಬಳು ಕೇಳಿದಳು.

"ನಿನ್ ಗಂಡ ಬದುಕವ್ನಲ್ಲ, ಅವನ್ನ ಕಳ್ಸು ಸೌದೆಗೆ" ಅಂದೆ.

ಅವಳ ಗಂಡ ಹೆಂಡದ ಅಂಗಡಿ ಬಿಟ್ಟು ಏಳುವವನಲ್ಲ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಕುಡುಗೋಲು ಮಾತ್ರ ಮರದ ಮೇಲೇ ಇತ್ತು.

ಈಗ ನಾನು ಹೇಳುವುದು ಒಬ್ಬ ಹುಡುಗಿಯ ವಿಷಯ. ಪಾವಗಡದ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ಗಂಡ ಕಲ್ಲು ಕೆಲಸದವನು, ಜಯನಗರದಲ್ಲಿ ಕಟ್ಟಡ ಏಳುವ ಕಡೆ ಮಲಗುತ್ತಿದ್ದ, ವಾರಕ್ಕೊಂದು ಸಲ ಬರುತ್ತಿದ್ದ. ಮನೆಯಲ್ಲಿ ಅವಳು, ಅವಳ ಅತ್ತೆ. ಅತ್ತೆ ನನಗೆ ಗಂಡನ ಕಡೆಯಿಂದ ದೊಡ್ಡವ್ವ ಆಗಬೇಕು. ಬಾಯಿ ಅಂದರೆ ಬಾಯಿ.

ಮಳೆಗಾಲದಲ್ಲಿ ಆ ಹುಡುಗಿಯನ್ನು ಕಾಡಿನಲ್ಲಿ ನೋಡಿದೆ. ಹೊಟ್ಟೆ ಕಾಣುವಷ್ಟು ಬೆಳೆದಿತ್ತು. ಬಗ್ಗುವುದಕ್ಕೆ ಆಗದೆ ಕಾಲಿನಿಂದ ಪುರಳೆ ಕಡ್ಡಿ ಒಟ್ಟುಗೂಡಿಸುತ್ತಿದ್ದಳು. ಕೈಯಲ್ಲಿ ಕುಡುಗೋಲು ಇರಲಿಲ್ಲ.

"ಯಾಕಮ್ಮಿ, ಈ ಹೊಟ್ಟೆ ಹೊತ್ಕೊಂಡು ಬಂದಿದೀಯ? ನಿನ್ ಅತ್ತೆಗೇನಾಗೈತೆ?"

"ಬಾಣಂತನದ ಸೌದೆ ಗಾರ್ಡಕ್ಕ."

ಅಷ್ಟು ಹೇಳಿದರೆ ಸಾಕಾಗಿತ್ತು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತಿಗೆ ದಿನಾ ಹಂಡೆ ಹಂಡೆ ಸುಡುನೀರು ಹುಯ್ಯಬೇಕು, ಅದಕ್ಕೆ ಬೇಕಾದ ಸೌದೆಯನ್ನು ತವರಿನವರು ತಿಂಗಳುಗಟ್ಟಲೆ ಮುಂಚೆಯೇ ಒಟ್ಟಿ ಇಟ್ಟಿರುತ್ತಾರೆ. ಕಾರಣಾಂತರದಿಂದ ಹೆರಿಗೆ ಗಂಡನ ಮನೆಯಲ್ಲಾದರೂ ಸೌದೆ ತವರಿನಿಂದಲೇ ಬರಬೇಕು. ಗಂಡನ ಮನೆಯ ಸೌದೆ ಚೊಚ್ಚಲ ಬಾಣಂತಿಗೆ ಹಾಕುವ ಹಾಗಿಲ್ಲ. ಈ ಹುಡುಗಿಗೆ ತಾಯಿ ಇರಲಿಲ್ಲ. ಅಣ್ಣ ಇದ್ದ, ಅತ್ತಿಗೆಯೂ ಇದ್ದಳು. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅತ್ತೆ ಕೇಳಿದ್ದಳಂತೆ, "ಸೌದೆ ಗಾಡಿ ಯಾವಾಗ ಬರ್ತದೆ ನಿನ್ ತವರಿಂದ?" ಅಂತ. ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತು.

"ತವರಿನ ಸೌದೆ ನಾನೇ ತರ್ತೀನಿ. ನಂಗೆ ಈಗ ಈ ಕಾಡೇ ತವರು ಅಂದ್ಕೊಂಡಿದೀನಿ ಗಾರ್ಡಕ್ಕ" ಅಂದಳು.

"ಕಾಡು ಸರ್ಕಾರದ್ದು. ಮಾತು ಕಮ್ಮಿ ಮಾಡಿ ಹೊರೆ ಕಟ್ಟು. ಒಣಗಿ ಬಿದ್ದದ್ದು ತಗೋ, ಹಸಿರು ಮುಟ್ಟಬೇಡ."

"ಮುಟ್ಟಲ್ಲ."

ಮುಟ್ಟಲೂ ಇಲ್ಲ. ಆ ಮಳೆಗಾಲ ಪೂರ್ತಿ ಬಂದಳು. ಜಾಲಿ, ಕಾರೆ, ಬಂದರಿಕೆ ಗಿಡದ ಕಡ್ಡಿ, ಏನು ಬಿದ್ದಿರುತ್ತಿತ್ತೋ ಅದು. ಹೊರೆ ಕಟ್ಟಿ ನನ್ನ ಗುಡಿಸಿಲ ಹತ್ತಿರ ತಂದು ನಿಲ್ಲಿಸುತ್ತಿದ್ದಳು. ಆ ಹೊಟ್ಟೆಯಲ್ಲಿ ಒಬ್ಬಳೇ ಎತ್ತಿ ತಲೆಗಿಡಲು ಆಗುತ್ತಿರಲಿಲ್ಲ. ನಾನು ಎತ್ತಿ ಕೊಡುತ್ತಿದ್ದೆ. ಒಂದು ದಿನ ಹೊರೆ ಭಾರ ಇತ್ತು. ತೋಳು ದಪ್ಪದ ತುಂಡುಗಳು, ಮೈಯೆಲ್ಲ ಕೆಸರು, ಗೆದ್ದಲು ಮಣ್ಣು ಮೆತ್ತಿಕೊಂಡಿತ್ತು. ಮಳೆಯಲ್ಲಿ ನೆನೆದು ಕಪ್ಪಗಿತ್ತು.

"ಎಲ್ಲಿ ಸಿಕ್ತು ಇಷ್ಟು ದಪ್ಪ?"

"ಮೇಗಡೆ ಬಂಡೆ ಪಕ್ಕ ಬಿದ್ದು ಮುರ್ಕೊಂಡಿತ್ತು ಗಾರ್ಡಕ್ಕ. ಒಣಗಿರೋದು. ನೋಡ್ಕೋ, ಒಂದೆಲೆ ಇಲ್ಲ."

ಎಲೆ ಇರಲಿಲ್ಲ. ಎತ್ತಿ ಅವಳ ತಲೆಗಿಟ್ಟೆ. ಆಮೇಲೆ ಇನ್ನೆರಡು ಮೂರು ಸಲ ಅದೇ ತುಂಡುಗಳು ಬಂದವು. ಅವನ್ನೂ ಎತ್ತಿಕೊಟ್ಟೆ.

ಕಾರ್ತಿಕದಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ನಾನು ನೋಡಲು ಹೋಗಲಿಲ್ಲ. ಗಂಡ ಸತ್ತವಳು ಬಾಣಂತಿ ಮನೆಗೆ ಹೋಗುವ ಹಾಗಿಲ್ಲ, ಹೋದರೆ ಹೊಸ್ತಿಲಲ್ಲೇ ಅನ್ನಿಸಿಕೊಳ್ಳಬೇಕು. ನನಗೆ ಬೇರೆ ಕೆಲಸವೂ ಇತ್ತು. ಒಣಗಿದ ಗಂಧದ ಮರಗಳನ್ನು ನೋಡಲು ಫಾರೆಸ್ಟರ್ ಬರುವವರಿದ್ದರು.

ಗಂಧದ ಮರ ಅಂದರೆ ಆಗ ಏನು ಅಂತ ಈಗಿನವರಿಗೆ ಹೇಳಬೇಕು. ಅದು ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದು. ಒಂದು ಕೊಂಬೆ ಕಡಿದರೂ ಜೈಲು. ಆ ಭಯಕ್ಕೆ ಜನ ತಮ್ಮ ಬದುವಿನಲ್ಲಿ ಗಂಧದ ಸಸಿ ಕಂಡರೆ ಯಾರೂ ನೋಡದ ಹೊತ್ತಿನಲ್ಲಿ ಕಿತ್ತು ಬಿಸಾಡುತ್ತಿದ್ದರು. ಕಾಡಿನಲ್ಲಿದ್ದ ಮರಗಳಿಗೆ ನಂಬರು ಹೊಡೆದಿತ್ತು. ಅವಕ್ಕೆ ಒಂದು ರೋಗ ಬರುತ್ತಿತ್ತು. ಎಲೆ ಸಣ್ಣಗಾಗುತ್ತಾ ಆಗುತ್ತಾ ಸೂಜಿಯ ಹಾಗೆ ಆಗಿ, ಮರ ನಿಂತಲ್ಲೇ ಒಣಗಿ ಸಾಯುತ್ತಿತ್ತು. ಸತ್ತ ಮರವನ್ನು ಬೇರು ಸಮೇತ ಅಗೆದು ಗಂಧ ಕೂಡಿಡುವ ಸರ್ಕಾರದ ಕೋಠಿಗೆ ಸಾಗಿಸುತ್ತಿದ್ದರು. ಅಂದರೆ ಬೇರೆ ಮರ ಒಣಗಿದರೆ ಸೌದೆ. ಗಂಧ ಒಣಗಿದರೂ ಸರ್ಕಾರ.

ಮೇಲಿನ ಬಂಡೆಯ ಪಕ್ಕ ಅಂಥದ್ದೊಂದು ಮರ ಇತ್ತು. ಮಳೆಗಾಲಕ್ಕೆ ಮುಂಚೆ ನಿಂತಿತ್ತು. ಫಾರೆಸ್ಟರ್ ನಾಳೆ ಬರುತ್ತಾರೆ ಅನ್ನುವ ದಿನ ಬೆಳಗ್ಗೆ ಅದನ್ನು ನೋಡಲು ಹೋದೆ. ಬುಡದ ಮೋಟು ಇತ್ತು. ಮರ ಇರಲಿಲ್ಲ. ಗಾಳಿಗೆ ಮುರಿದು ಬಿದ್ದ ಗುರುತು ಇತ್ತು, ಗೆದ್ದಲು ತಿಂದ ತೊಗಟೆಯ ಪುಡಿ ಇತ್ತು. ಕಡಿದ ಗುರುತು ಇರಲಿಲ್ಲ. ತೊಗಟೆಯ ಮೇಲಿದ್ದ ನಂಬರು ತೊಗಟೆಯ ಜೊತೆಗೇ ಹೋಗಿತ್ತು.

ಅಲ್ಲೇ ನಿಂತಿದ್ದಾಗ ಊರಿನ ಕಡೆಯಿಂದ ಗಾಳಿ ಬಂತು. ಘಮ್ ಅಂತು.

ನಾನು ಗುಡ್ಡ ಇಳಿದದ್ದು ಓಡಿಕೊಂಡೇ. ಊರಿನ ಮುಂದೆ ಬರುವಷ್ಟರಲ್ಲಿ ಯಾವ ಮನೆ ಅಂತ ಕೇಳಬೇಕಾಗಿರಲಿಲ್ಲ. ಮೂಗೇ ಕರೆದುಕೊಂಡು ಹೋಯಿತು. ಪಾವಗಡದ ಹುಡುಗಿಯ ಮನೆಯ ಹಿತ್ತಿಲಿನಿಂದ ಹೊಗೆ ಬರುತ್ತಿತ್ತು. ಅವಳ ಅತ್ತೆ ಮುದುಕಿ ಮುಂಬಾಗಿಲಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು, ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು.

"ನಿನ್ನೆ ತನ್ಕ ಬರೀ ಪುರಳೆ ಉರಿತಾ ಇತ್ತು. ಇವತ್ತು ದಪ್ಪ ಸೌದೆ ಹಾಕ್ದೆ ನೋಡು, ಮನೆಯೆಲ್ಲ ದೇವಸ್ಥಾನ ಆದಂಗಾಗೈತೆ. ಲಕ್ಷ್ಮಿ ಹುಟ್ಟವ್ಳೆ ನಮ್ಮನೇಲಿ."

ಅವಳನ್ನು ಅನ್ನುವಂತಿಲ್ಲ. ಪೂಜಾರಿ ತೇಯುವ ಅಂಗೈಯಗಲದ ಕೊರಡು ಬಿಟ್ಟರೆ ಗಂಧ ಯಾರು ಕಂಡಿದ್ದರು? ಒಲೆಗೆ ಇಡುವಷ್ಟು ಗಂಧ ಹೇಗೆ ಉರಿಯುತ್ತದೆ ಅಂತ ಮಹಾರಾಜರಿಗೂ ಗೊತ್ತಿರಲಿಕ್ಕಿಲ್ಲ.

ನನ್ನನ್ನು ನೋಡಿ ಮುದುಕಿ ಎದ್ದು ಬಾಗಿಲಿಗೆ ಅಡ್ಡ ನಿಂತಳು. "ಏಯ್, ನೀನ್ಯಾಕ್ ಬಂದೆ? ಬಾಣಂತಿ ಅವ್ಳೆ ಒಳಗೆ. ಬರಬ್ಯಾಡ."

ನಾನು ಬಾಗಿಲಿಗೆ ಹೋಗಲಿಲ್ಲ. ಬೇಲಿ ಸರಿಸಿ ಹಿತ್ತಿಲಿಗೆ ಹೋದೆ. ಬಚ್ಚಲಿನ ತಡಿಕೆಯ ಆಚೆ ಹುಡುಗಿಗೆ ಸೂಲಗಿತ್ತಿ ನೀರು ಹುಯ್ಯುತ್ತಿದ್ದಳು. ಈಚೆ ಹಂಡೆಯ ಒಲೆ. ಬಗ್ಗಿ, ಉರಿಯುತ್ತಿದ್ದ ಎರಡು ತುಂಡುಗಳನ್ನು ಎಳೆದು ಹೊರಗೆ ಹಾಕಿ ಮಣ್ಣು ಮುಚ್ಚಿದೆ.

ಬಾಣಂತಿ ಸ್ನಾನದ ನಡುವೆ ಒಲೆ ಆರಿಸುವುದು ಎಂಥದ್ದು ಅಂತ ನನಗೂ ಗೊತ್ತು. ಹೆಣಕ್ಕೆ ನೀರು ಹುಯ್ದ ಮೇಲೆ ಆರಿಸುತ್ತಾರೆ, ಬಾಣಂತಿಯದು ಆರಿಸುವುದಿಲ್ಲ. ಮುದುಕಿ ಬಾಯಿ ಬಡಿದುಕೊಂಡಳು. "ಅಯ್ಯಯ್ಯೋ, ನಮ್ಮನೆ ಬಾಣಂತಿ ಒಲೆ ಆರಿಸವ್ಳೆ ಮುಂಡೆ! ನಿನ್ ಕೈ ಬಿದ್ದೋಗ! ಕಾಡ್ ತಿಂದಿದ್ ಸಾಲ್ದೆ ನನ್ ಸೊಸೆ ತಿನ್ನೋಕ್ ಬಂದ್ಯಾ!"

ನಾನು ಅವಳ ಭುಜ ಹಿಡಿದು ಕಿವಿಗೆ ಬಾಯಿ ಇಟ್ಟು ಹೇಳಿದೆ. "ದೊಡ್ಡವ್ವ, ಬಾಯ್ ಮುಚ್ಚು. ಇದು ಗಂಧ. ಸರ್ಕಾರದ ಗಂಧ. ನಾಳೆ ಫಾರೆಸ್ಟರ್ ಬರ್ತಾನೆ. ಇದು ಇಲ್ಲಿ ಸಿಕ್ರೆ ನಿನ್ ಸೊಸೇನ ಮಗು ಸಮೇತ ಎಳ್ಕೊಂಡ್ ಹೋಗ್ತಾರೆ. ನಿನ್ ಮಗನ್ನೂ."

ಮುದುಕಿಯ ಬಾಯಿ ನಿಂತಿತು. ನಾನು ಕಂಡ ಹಾಗೆ ಅದೊಂದೇ ಸಲ.

ತಡಿಕೆಯ ಆಚೆಯಿಂದ ಹುಡುಗಿ ಕೇಳಿದಳು. "ಗಾರ್ಡಕ್ಕ, ನಾನು ಹಸಿರು ಮುಟ್ಟಿಲ್ಲ. ನೀನೇ ಎತ್ಕೊಟ್ಟಿದ್ದಲ್ಲ?"

"ಎತ್ಕೊಟ್ಟಿದ್ದೆ. ಈಗ ಅದೆಲ್ಲ ಬ್ಯಾಡ. ನೀರು ತಣ್ಣಗಾಯ್ತಾ?"

"ಆಗ್ತಾ ಐತೆ. ನಡುಕ ಬರ್ತಾ ಐತೆ."

ನಾನು ಮುದುಕಿಯ ಕಡೆ ನೋಡಿದೆ. ಮುದುಕಿಯ ಸ್ವಂತ ಸೌದೆ ಗೋಡೆಗೆ ಒರಗಿಸಿತ್ತು, ಚೆನ್ನಾಗಿ ಒಣಗಿದ ಜಾಲಿ. "ಹಾಕು" ಅಂದೆ.

"ಚೊಚ್ಚಲದ್ದು ಕಣಮ್ಮಿ. ಗಂಡನ ಮನೆ ಸೌದೆ..."

"ಹಾಗಾದ್ರೆ ಗಂಧಾನೇ ಹಾಕು. ಜೈಲಿನಲ್ಲಿ ಸೌದೆ ಸರ್ಕಾರದ್ದು, ಅಲ್ಲಿ ತವರೂ ಇಲ್ಲ, ಗಂಡನ ಮನೆಯೂ ಇಲ್ಲ."

ಮುದುಕಿ ಸೌದೆ ಹಾಕಿದಳು. ಊದುಗೊಳವೆ ತಗೊಂಡು ಊದಿದಳು. ಕಣ್ಣಲ್ಲಿ ನೀರು ಬಂತು. ಹೊಗೆಗೇ ಇರಬೇಕು. ಒಲೆ ಮತ್ತೆ ಹತ್ತಿತು.

ಹುಡುಗಿಯ ರಾಶಿಯಲ್ಲಿದ್ದ ದಪ್ಪ ತುಂಡುಗಳನ್ನೆಲ್ಲ ಬೇರೆ ಮಾಡಿದೆ. ಮಣ್ಣು ಕೆರೆದು ನೋಡಿದರೆ ಒಳಗೆ ಅರಿಶಿನಗೆಂಪು ಚೇಗು, ಗಂಧದ ಗಟ್ಟಿ ತಿರುಳು. ಗೆದ್ದಲು ಹೊರಗಿನದ್ದನ್ನು ತಿಂದು ಚೇಗನ್ನು ಬಿಟ್ಟಿತ್ತು. ಉಳಿದದ್ದು ಬರೀ ಪುರಳೆ. ಎರಡು ದಿನಕ್ಕೂ ಸಾಲುವುದಿಲ್ಲ. ಮುದುಕಿಯ ಜಾಲಿ ಇನ್ನು ನಾಲ್ಕು ದಿನ. ಬಾಣಂತನ ಇನ್ನೂ ಶುರುವಿನಲ್ಲಿತ್ತು, ಚಳಿಯೂ ಶುರುವಾಗಿತ್ತು. ಆ ಹುಡುಗಿ ಮೊದಲೇ ರಕ್ತ ಇಲ್ಲದವಳು. ಹೆರಿಗೆಯಾದ ಮೇಲೆ ಮೈ ಬಿಸಿ ಮಾಡದೆ ನಂಜಾಗಿ ಹೋದವರನ್ನು ನಾವು ಕಂಡಿದ್ದೆವು.

ಗಂಧವನ್ನು ಪುರಳೆಯ ಒಳಗಿಟ್ಟು ಹೊರೆ ಕಟ್ಟಿದೆ. ಈ ಸಲ ಎತ್ತಿ ನನ್ನ ತಲೆಗಿಟ್ಟವಳು ಮುದುಕಿ. ಹೊರೆ ಸೌದೆ ಊರಿನಿಂದ ಕಾಡಿಗೆ ಹೋಗುವುದನ್ನು ನಮ್ಮೂರು ಅದೇ ಮೊದಲು ಕಂಡಿದ್ದು. ಒಬ್ಬರೂ ಏನೂ ಕೇಳಲಿಲ್ಲ. ಅದೇ ನನಗೆ ಭಯವಾದದ್ದು.

ಗುಡಿಸಿಲಿನಲ್ಲಿ ಹೊರೆ ಇಳಿಸಿ ಹುಣಸೆಮರದ ಕೆಳಗೆ ಕೂತೆ. ಸೌದೆ ಎಲ್ಲಿಂದ ತರುವುದು? ಕಾಡಿನಲ್ಲಿ ನೆಲದ ಮೇಲಿನ ಒಣ ಸೌದೆ ಆ ಮಳೆಗಾಲದಲ್ಲಿ ಆ ಹುಡುಗಿಯೇ ಗುಡಿಸಿಬಿಟ್ಟಿದ್ದಳು. ನಾನು ಹಸಿರು ಕಡಿದರೆ ನನ್ನ ಕುಡುಗೋಲನ್ನು ಯಾರು ನೇತುಹಾಕುವುದು? ಸೌದೆ ಇದ್ದದ್ದು ಊರಿನ ಹೆಂಗಸರ ಹಿತ್ತಿಲುಗಳಲ್ಲಿ. ಅದರಲ್ಲಿ ಅರ್ಧ ನನ್ನ ಕಣ್ಣು ತಪ್ಪಿಸಿ ತಂದದ್ದು.

ಮಧ್ಯಾಹ್ನದ ಮೇಲೆ ಹೋದೆ. ಮೊದಲನೆಯ ಮನೆಯವಳು ರಾಗಿ ಬೀಸುತ್ತಿದ್ದಳು. ಅದೇ, ಹೆಂಡದ ಅಂಗಡಿ ಬಿಟ್ಟು ಏಳದವನ ಹೆಂಡತಿ.

"ಅಕ್ಕ, ಒಂದು ಹೊರೆ ಸೌದೆ ಬೇಕಿತ್ತು."

ಅವಳು ಬೀಸುವುದು ನಿಲ್ಲಿಸಿ ಬೀದಿಗೆ ಕೇಳುವ ಹಾಗೆ ಕೂಗಿದಳು. "ಬನ್ರೇ, ಬನ್ರೇ, ಗಾರ್ಡಮ್ಮ ಸೌದೆ ಕೇಳೋಕ್ ಬಂದವ್ಳೆ! ಕಾಡ್ ಖಾಲಿ ಆಯ್ತಂತೆ!"

ಬಂದರು. ಬಾಗಿಲು ತುಂಬಿತು. ನಾನು ಕೋಟು ಹಾಕಿಕೊಂಡೇ ಹೋಗಿದ್ದೆ, ಅದು ತಪ್ಪಾಯಿತು.

"ಯಾತಕ್ಕಮ್ಮಿ ನಿಂಗೆ ಸೌದೆ?"

"ನಂಗಲ್ಲ. ಪಾವಗಡದೋಳ ಬಾಣಂತನಕ್ಕೆ."

"ಅವ್ಳ ಸೌದೆ ರಾಶಿ ಇತ್ತಲ್ಲ?"

"ಇಲ್ಲ ಈಗ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಳಗ್ಗೆಯ ಹೊಗೆ ಊರಿನ ಮೇಲೇ ಹೋಗಿತ್ತು. ನಾಯಿಗೂ ಗೊತ್ತಾಗಿರಬೇಕು. ನಾನು ಹೇಳಲೋ ಬಿಡಲೋ ಅಂತ ನಿಂತಿದ್ದೆ. ಅಷ್ಟರಲ್ಲಿ ಆ ಬೀಸುತ್ತಿದ್ದವಳೇ ಮೂಗು ಸೀಟಿ ಸೆರಗಿಗೆ ಒರೆಸಿಕೊಂಡಳು.

"ಬೆಳಗ್ಗೆಯಿಂದ ನಂಗೆ ನೆಗಡಿ ಕಣಮ್ಮಿ. ಯಾವ ವಾಸ್ನೇನೂ ಬರ್ತಾ ಇಲ್ಲ. ನಿಂಗೇನಾದ್ರೂ ಬಂತೇನೇ?" ಅಂತ ಪಕ್ಕದವಳನ್ನು ಕೇಳಿದಳು.

"ಇಲ್ಲಪ್ಪ. ನಂಗೂ ಮೂಗ್ ಕಟ್ಟೈತೆ."

"ಊರಿಗೇ ನೆಗಡಿ ಬಂದೈತೆ" ಅಂದಳು ಇನ್ನೊಬ್ಬಳು.

ನಾನು ಉಸಿರು ಬಿಟ್ಟೆ. ಬಿಡುವಷ್ಟರಲ್ಲಿ ಬೀಸುತ್ತಿದ್ದವಳು ಕೈ ಚಾಚಿದಳು. "ಸೌದೆ ಕೊಡ್ತೀವಿ. ನಮ್ ಕುಡುಗೋಲು?"

"ಕೊಯ್ಲಿಗೆ ಮುಂಚೆ ಕೊಡ್ತೀನಿ."

"ಬಾಣಂತಿ ಕೊಯ್ಲಿನ ತನ್ಕ ನೀರ್ ಹುಯ್ಕೊಳ್ದೆ ಕಾಯ್ತಾಳಾ? ಒಂದ್ ಹೊರೆಗೆ ಒಂದ್ ಕುಡುಗೋಲು. ಕೊಡೋದಾದ್ರೆ ಕೊಡು, ಇಲ್ದಿದ್ರೆ ಹೋಗು, ರಾಗಿ ಬೀಸ್ಬೇಕು."

ಬೈದರೆ ಪ್ರಯೋಜನ ಇರಲಿಲ್ಲ. ವಾಪಸು ಗುಡ್ಡಕ್ಕೆ ಹೋಗಿ ಮುಳ್ಳು ಸರಿಸಿ ಮರ ಹತ್ತಿ ಎಲ್ಲವನ್ನೂ ಇಳಿಸಿ ಮಂಕರಿಗೆ ಹಾಕಿಕೊಂಡು ಬಂದೆ. ಹೊತ್ತು ಇಳಿಯುವುದರೊಳಗೆ ಮುದುಕಿಯ ಹಿತ್ತಿಲಿಗೆ ಹೊರೆಗಳು ಬಂದು ಬಿದ್ದವು. ನಾನು ಒಬ್ಬೊಬ್ಬಳ ಹೊರೆ ನೋಡಿ ಅವಳ ಕುಡುಗೋಲು ಕೊಟ್ಟೆ. ಒಬ್ಬಳು ತನ್ನದೂ ತಗೊಂಡು ಓರಗಿತ್ತಿಯದಕ್ಕೂ ಕೈ ಹಾಕಿದಳು, ಕೈ ಮೇಲೆ ಒಂದು ಬಿಟ್ಟೆ. ಹೊರೆಗಳಲ್ಲಿ ಹಸಿರು ಕಡಿದು ಒಣಗಿಸಿದ ಬಾಗೆಯ ಕೊಂಬೆಗಳಿದ್ದವು, ಕಗ್ಗಲಿ ಇತ್ತು. ಯಾವುದನ್ನು ಎಲ್ಲಿ ಕಡಿದಿದ್ದಾರೆ ಅಂತ ನನಗೆ ಗೊತ್ತಾಗುತ್ತಿತ್ತು. ಆ ದಿನ ನನಗೂ ನೆಗಡಿ.

ಮುದುಕಿ ಅಷ್ಟೊತ್ತಿಗೆ ಬಾಯಿ ವಾಪಸು ತಗೊಂಡಿದ್ದಳು. ಹೊರೆಗಳನ್ನು ಎಣಿಸುವವರ ಹಾಗೆ ಸುತ್ತಾಡಿ ಹೇಳಿದಳು. "ಇಷ್ಟು ಸೌದೆ ಯಾವ ತವರಿಂದಲೂ ಬಂದಿಲ್ಲ ಈ ಊರಿಗೆ. ನಂಗೆ ಬಂದಿರ್ಲಿಲ್ಲ."

ಮರುದಿನ ಬೆಳಗ್ಗೆ ಫಾರೆಸ್ಟರ್ ಸೈಕಲ್ಲಿನಲ್ಲಿ ಬಂದರು. ವಯಸ್ಸಿನ ಹುಡುಗ, ಹೊಸದಾಗಿ ಕೆಲಸಕ್ಕೆ ಸೇರಿದವರು. ಒಣಗಿದ ಮರಗಳನ್ನೆಲ್ಲ ನೋಡಿಕೊಂಡು ಬಂಡೆಯ ಹತ್ತಿರ ಬಂದರು. ಮೋಟಿನ ಪಕ್ಕ ನಾನು ತುಂಡುಗಳನ್ನು ಜೋಡಿಸಿಟ್ಟಿದ್ದೆ. ಅವರು ಕೂತು ಒಂದೊಂದನ್ನೂ ತಿರುಗಿಸಿ ನೋಡಿದರು. ಎರಡು ತುಂಡುಗಳ ತುದಿ ಸುಟ್ಟು ಕಪ್ಪಗಾಗಿತ್ತು. ಜೇಬಿನಿಂದ ಚಾಕು ತೆಗೆದು ಕೆರೆದರು, ಮೂಸಿದರು.

"ಇದೇನಮ್ಮ?"

ನಾನು ಸುಳ್ಳು ಕಟ್ಟಿಕೊಂಡು ಬಂದಿದ್ದೆ. ಯಾರೋ ಬೀಡಿ ಎಸೆದರು, ಹುಲ್ಲು ಹತ್ತಿಕೊಂಡಿತು ಅಂತ. ಹೇಳುವುದಕ್ಕೆ ಬಾಯಿ ತೆಗೆದರೆ, ಮೊನ್ನೆ ತಾನೇ ಬಿದ್ದ ಮಳೆಗೆ ಸುತ್ತಲೂ ಹುಲ್ಲು ಹಸಿರಾಗಿ ನಿಂತಿತ್ತು. ಅದನ್ನು ನೋಡಿದರೆ ಕುರುಡನೂ ನಂಬುವುದಿಲ್ಲ. ಅದಕ್ಕೆ ಇದ್ದದ್ದು ಹೇಳಿದೆ.

"ಬಿದ್ದಿತ್ತು ಸಾಮಿ. ಒಬ್ಬ ಬಸುರಿ ಹುಡುಗಿ ಸೌದೆ ಅಂತ ತಗೊಂಡ್ ಹೋದ್ಲು. ಒಣಗಿರೋದು ತಗೋ ಅಂದಿದ್ದು ನಾನು, ಹೊರೆ ಎತ್ಕೊಟ್ಟಿದ್ದೂ ನಾನು. ಅವಳು ಗಂಧ ಕಂಡೋಳಲ್ಲ. ನಿನ್ನೆ ಬಾಣಂತಿ ಒಲೆಗೆ ಹಾಕಿದ್ರು, ವಾಸನೆ ಬಂದು ನಾನು ಎಳ್ದು ತಂದೆ. ಉಳಿದದ್ದು ಪೂರ್ತಿ ಇಲ್ಲೈತೆ. ಬರ್ಕೊಳ್ಳೋದಾದ್ರೆ ನನ್ ಹೆಸ್ರು ಬರ್ಕೊಳ್ಳಿ. ಅವಳು ಹೆತ್ತು ವಾರ ಆಗಿಲ್ಲ."

ಅವರು ತಲೆ ಎತ್ತಿದರು. ಮೇಲೆ ಹದ್ದು ಸುತ್ತುತ್ತಿತ್ತು, ಅದನ್ನು ನೋಡಿದರು. ಆಮೇಲೆ ಕೇಳಿದರು. "ಊರಿನವರಿಗೆ ಗೊತ್ತಾ?"

"ಊರಿಗೆಲ್ಲ ನೆಗಡಿ ಸಾಮಿ."

ಅವರಿಗೆ ಅದು ಅರ್ಥ ಆಯಿತೋ ಇಲ್ಲವೋ. ತುಂಡುಗಳನ್ನು ಕೆಳಗಿಟ್ಟು ಕೈ ಒರೆಸಿಕೊಂಡರು. "ಸುಟ್ಟಿದ್ದನ್ನ ನಾನು ವಾಪಸ್ ತರೋಕಾಗಲ್ಲ. ಸುಟ್ಟ ತುದಿ ಕುಯ್ದು ಹಾಕು. ಬೇರು ಇದೆಯಲ್ಲ, ಎಣ್ಣೆ ಜಾಸ್ತಿ ಬೇರಲ್ಲೇ ಇರೋದು. ಒಂದು ಎಳೆ ಬಿಡದ ಹಾಗೆ ಅಗೆದು ಕೊಡು. ಕೂಲಿಯವರನ್ನ ಕಳ್ಸಲ್ಲ. ನೀನೇ ಅಗೀಬೇಕು. ಗಾಡಿ ಬರೋ ಹೊತ್ತಿಗೆ ಸಿದ್ಧ ಇರ್ಬೇಕು" ಅಂದರು. ಗುಡ್ಡ ಇಳಿದು ಸೈಕಲ್ಲು ಹತ್ತುವಾಗ ತಿರುಗಿ, "ಬಾಣಂತಿಗೆ ಬೇರೆ ಸೌದೆ ಇದೆಯಾ?" ಅಂತ ಕೇಳಿದರು. ಇದೆ ಅಂದೆ.

ಅವರು ಒಳ್ಳೆಯವರೋ ಅಂಜುಬುರುಕರೋ ಅಂತ ನಾನು ಆಮೇಲೆ ಯೋಚನೆ ಮಾಡಿದ್ದುಂಟು. ಬರೆದುಕೊಂಡಿದ್ದರೆ ಮೇಲಿನವರು ಅವರನ್ನೂ ಕೇಳುತ್ತಿದ್ದರು, ಮರ ಬಿದ್ದಾಗ ನೀನೆಲ್ಲಿದ್ದೆ ಅಂತ. ಯಾವುದಾದರೇನು, ಹುಡುಗಿ ಮನೆಯಲ್ಲಿ ಉಳಿದಳು.

ಅಗೆಯುವುದು ಸುಲಭದ್ದಲ್ಲ. ಗಂಧದ ಬೇರು ಒಂದು ಕಡೆ ಹೋಗುವುದಿಲ್ಲ, ಪಕ್ಕದ ಗಿಡಗಳ ಬೇರನ್ನೆಲ್ಲ ಹಿಡಿದುಕೊಂಡು ಹೋಗುತ್ತದೆ. ಅಲ್ಲಿ ಮಣ್ಣಿಗಿಂತ ಕಲ್ಲು ಜಾಸ್ತಿ. ಮೊದಲ ದಿನ ಅಗೆದು ಅಂಗೈ ಬೊಬ್ಬೆ ಬಂತು. ಎರಡನೆಯ ದಿನ ಬೆಳಗ್ಗೆ ಹೋದರೆ ಮುದುಕಿ ಹಾರೆ ಹಿಡಿದುಕೊಂಡು ಮೋಟಿನ ಪಕ್ಕ ಕೂತಿದ್ದಳು.

"ನೀನ್ಯಾಕ್ ಬಂದೆ ದೊಡ್ಡವ್ವ?"

"ಮನೇಲಿ ಕೂಸು ಅಳ್ತದೆ. ಇಲ್ಲಾದ್ರೂ ಗಾಳಿ ಬರ್ತದೆ ಅಂತ ಬಂದೆ."

ಹಾರೆ ಹಾಕಿದಳು. ಆ ವಯಸ್ಸಿನಲ್ಲೂ ತೋಳು ಗಟ್ಟಿ ಇತ್ತು. ಬೇರು ಮುಗಿಯುವವರೆಗೆ ದಿನಾ ಬಂದಳು, ದಿನಾ ಬೈದಳು. ಸರ್ಕಾರಕ್ಕೆ ಬೈದಳು, ಮಗನಿಗೆ ಬೈದಳು, ಪಾವಗಡದ ಬೀಗರಿಗೆ ಬೈದಳು, ಕಲ್ಲಿಗೆ ಬೈದಳು. "ಬಾಣಂತಿ ಒಲೆ ಆರಿಸ್ದೋಳು ನೀನು, ನಿನ್ ಜೊತೆ ಕೂತ್ಕೊಂಡ್ ಅಗೀತಾ ಇದೀನಲ್ಲ, ನನ್ ಹಣೇಬರ" ಅಂದಳು. ಮಧ್ಯಾಹ್ನ ತಾನು ತಂದ ಮುದ್ದೆಯಲ್ಲಿ ಅರ್ಧ ಮುರಿದು ನನಗೆ ಕೊಟ್ಟಳು. ಸೊಪ್ಪಿನ ಸಾರು ಉಪ್ಪಾಗಿತ್ತು. ಹೇಳಲಿಲ್ಲ.

ಗಾಡಿ ಬಂತು, ಬೇರು ಹೋಯಿತು, ತುಂಡುಗಳೂ ಹೋದವು. ಗುಂಡಿಯನ್ನು ಮುಚ್ಚಿ ತುಳಿದೆವು. ಅದರ ಸುದ್ದಿ ಮುಂದೆ ಯಾರೂ ಎತ್ತಲಿಲ್ಲ. ಹುಡುಗಿ ಬಾಣಂತನ ಪೂರ್ತಿ ನೀರು ಹುಯ್ಯಿಸಿಕೊಂಡು, ಮೈ ಕೈ ತುಂಬಿಕೊಂಡು ಎದ್ದಳು.

ಕುಡುಗೋಲು ಕೊಟ್ಟದ್ದರ ಫಲ ಮಾತ್ರ ನಾನು ಉಣ್ಣಬೇಕಾಯಿತು. ರಾಗಿ ಕೊಯ್ಲು ಮುಗಿಯುತ್ತಿದ್ದ ಹಾಗೆ ಅವೇ ಕುಡುಗೋಲುಗಳು ಕಾಡಿಗೆ ಬಂದವು. ಹೊರೆ ಕೊಟ್ಟು ಹಿತ್ತಿಲು ಖಾಲಿಯಾಗಿತ್ತಲ್ಲ, ತುಂಬಿಸಬೇಕಿತ್ತು. ಮೊದಲು ಸಿಕ್ಕಿದ್ದು ಮುದುಕಿಯೇ. ಬಾಗೆಯ ಹಸಿ ಕೊಂಬೆಯನ್ನು ಅರ್ಧ ಕಡಿದಿದ್ದಳು. ನನ್ನನ್ನು ನೋಡಿಯೂ ಬಿಡದೆ ಪೂರ್ತಿ ಕಡಿದು ಬೀಳಿಸಿದಳು.

"ಏನ್ ದೊಡ್ಡವ್ವ ಇದು?"

"ಮೊಮ್ಮಗಳಿಗೆ ನೀರ್ ಕಾಯಿಸ್ಬೇಕು."

"ಹಸಿರು ಮುಟ್ಟಬೇಡ ಅಂದಿಲ್ವಾ?"

"ಒಣಗಿರೋದು ಮುಟ್ಟಿದ್ದಕ್ಕೆ ಜೈಲು ಅಂದೆ. ಹಸಿರು ಮುಟ್ಟಿದ್ರೆ ಕುಡುಗೋಲು ಅಷ್ಟೇ ತಾನೇ ಹೋಗೋದು? ತಗೋ."

ಹಿಡಿ ನನ್ನ ಕಡೆಗೆ ತಿರುಗಿಸಿ ಕೊಟ್ಟಳು. ನಾನು ತಗೊಂಡು ಹುಣಸೆಮರಕ್ಕೆ ನೇತುಹಾಕಿದೆ. ಕಡಿದ ಕೊಂಬೆ ಮತ್ತೆ ಮರಕ್ಕೆ ಅಂಟುವುದಿಲ್ಲ. "ಬಿದ್ದಿರೋದು ಎತ್ಕೊಂಡ್ ಹೋಗು" ಅಂದೆ. ಹೊರೆ ನಾನೇ ಎತ್ತಿಕೊಟ್ಟೆ. ಎತ್ತುವ ಮುಂಚೆ ಒಂದೊಂದು ಕಡ್ಡಿಯನ್ನೂ ಮೂಸಿ ನೋಡಿದೆ.